ಹೊಸ್ತಿಲು ಬಿಟ್ಟೇಳದ ಉದ್ದವ್ವ

ಗೋಕಾಕದ ದವಾಖಾನೆಯ ಹಿಂದಿನ ಪಡಸಾಲೆಯಲ್ಲಿ ಹಳ್ಳಿಹಳ್ಳಿಯ ಸೂಲಗಿತ್ತಿಯರು ಗೋಡೆಗೆ ಬೆನ್ನು ಹಚ್ಚಿ ಕೂತಿದ್ದರು. ಹೆಸರು ಕೂಗಿದಾಗ ಒಬ್ಬೊಬ್ಬಳೇ ಎದ್ದು ಮೇಜಿನ ಮುಂದೆ ನಿಲ್ಲಬೇಕು. ಮೇಜಿನ ಮೇಲೆ ಅರಿವೆಯಲ್ಲಿ ಹೊಲಿದ ಒಂದು ಕೂಸಿನ ಗೊಂಬೆ ಮಲಗಿತ್ತು. ಆಚೆ ಬದಿಗೆ ಬೆಳಗಾವಿಯಿಂದ ಬಂದ ಲೇಡಿ ಡಾಕ್ಟರು, ಅವರ ಪಕ್ಕದಲ್ಲಿ ನರ್ಸ್ ಇಂದ್ರವ್ವ. ವರ್ಷದ ಹಿಂದೆ ಇದೇ ಪಡಸಾಲೆಯಲ್ಲಿ ಈ ಹೆಂಗಸರಿಗೆಲ್ಲ ಹೆರಿಗೆಯ ತರಬೇತಿ ಕೊಟ್ಟು, ಕತ್ತರಿ, ದಾರ ತುಂಬಿದ ಒಂದೊಂದು ಪೆಟಗಿ ಹಂಚಿದವಳು ಇಂದ್ರವ್ವನೇ. ಆ ತರಬೇತಿ ಅವರ ಕೈಗೆ ಎಷ್ಟು ಹತ್ತಿದೆ ಎಂದು ನೋಡಲು ಡಾಕ್ಟರು ಬಂದಿದ್ದರು. ೧೯೬೦ರ ಬೇಸಿಗೆ. ಪಡಸಾಲೆಯ ಹಂಚು ಕಾದು ಒಳಗೆಲ್ಲ ಬೆವರಿನ ವಾಸನೆ.

ಅಂಕಲಗಿಯ ಉದ್ದವ್ವನ ಸರದಿ ಬಂತು. ನಡುವಯಸ್ಸಿನ, ಎತ್ತರದ, ಮೂಳೆ ಎದ್ದು ಕಾಣುವ ಹೆಂಗಸು. ಗೊಂಬೆಯ ಹೊಕ್ಕುಳ ಹುರಿಗೆ ದಾರ ಕಟ್ಟಿ ತೋರಿಸಿದಳು. ಕತ್ತರಿಯನ್ನು ಕುದಿಯುವ ನೀರಿನಲ್ಲಿ ಹಾಕಬೇಕು ಎಂದಳು, ಹೊಕ್ಕುಳಿಗೆ ಬೂದಿ, ಸೆಗಣಿ ಏನೂ ಹಚ್ಚಬಾರದು ಎಂದಳು, ಬಸುರಿಯ ಮುಖ ಬಾತರೆ ದವಾಖಾನೆಗೆ ಕಳಿಸಬೇಕು ಎಂದಳು. ಎಲ್ಲಿಯೂ ತಪ್ಪಲಿಲ್ಲ. ಇಂದ್ರವ್ವನ ಮುಖ ಅರಳಿತು.

"ಭೇಷ್," ಎಂದರು ಡಾಕ್ಟರು. "ಈ ವರ್ಷ ನೀ ಹಡಿಸಿದ ಎಲ್ಲಾ ಮನಿಯೊಳಗ ಹಿಂಗೇ ಮಾಡೀಯೇನವಾ?"

ಇದು ಎಲ್ಲರಿಗೂ ಕೇಳಿದ ಪ್ರಶ್ನೆಯೇ. ಇದುವರೆಗೆ ಬಂದವರೆಲ್ಲ "ಮಾಡೇನ್ರಿ" ಎಂದು ಹೇಳಿ ಹಿಂದಕ್ಕೆ ಹೋಗಿ ಕೂತಿದ್ದರು. ಉದ್ದವ್ವನೂ ಅದನ್ನೇ ಹೇಳಲು ಬಾಯಿ ತೆರೆದಳು. ಆದರೆ ಹೋದ ಚಳಿಗಾಲದಲ್ಲಿ ತನ್ನ ಕೈಯಲ್ಲೇ ಹುಟ್ಟಿ, ವಾರ ಕಳೆಯುವುದರೊಳಗೆ ದವಡೆ ಕಚ್ಚಿಕೊಂಡು ಬಿಲ್ಲಿನಂತೆ ಸೆಟೆದು ಸತ್ತುಹೋದ ಒಂದು ಹೆಣ್ಣು ಕೂಸು ಕಣ್ಣಮುಂದೆ ಬಂತು. ಮೇಜಿನ ಮೇಲಿನ ಗೊಂಬೆ ಅಷ್ಟೇ ಉದ್ದ ಇತ್ತು.

"ಇಲ್ರಿ," ಎಂದಳು. "ಎಲ್ಲೋ ಒಂದೆರಡ ಮನ್ಯಾಗ ಮಾಡೇನ್ರಿ. ಉಳಿದ ಕಡೆ ಇಲ್ರಿ."

ಡಾಕ್ಟರು ತಲೆ ಎತ್ತಿ ನೋಡಿದರು.

"ಯಾಕ?"

"ಬಿಡಲಿಲ್ರಿ ಅವರು."

"ಯಾರು ಬಿಡಲಿಲ್ಲ? ಕತ್ತರಿ ನಿನ್ನ ಕೈಯಾಗ ಇತ್ತಿಲ್ಲೋ?"

ಕತ್ತರಿ ತನ್ನ ಕೈಯಲ್ಲಿದ್ದರೂ ಮನೆ ತನ್ನದಲ್ಲ, ಒಲೆ ತನ್ನದಲ್ಲ, ನೀರಿನ ಕೊಡ ಮುಟ್ಟುವ ಹಕ್ಕೂ ತನಗಿಲ್ಲ ಎಂದು ಹೇಳುವುದು ಹೇಗೆ? ಅಷ್ಟು ಜನರ ಮುಂದೆ ಉದ್ದವ್ವ ಸೆರಗಿನ ತುದಿ ಹಿಡಿದು ಸುಮ್ಮನೆ ನಿಂತಳು. ಬೆಳಗಿನಿಂದ ಕೂತು ಬೇಸತ್ತಿದ್ದ ಡಾಕ್ಟರಿಗೆ ಸಿಟ್ಟು ಬಂತು.

"ಸರ್ಕಾರ ಪೆಟಗಿ ಕೊಟ್ಟದ್ದು ಗ್ವಾಡಿಗೆ ತೂಗಹಾಕಾಕ ಅಲ್ಲ. ಇಂದ್ರವ್ವಾ, ಇಕಿ ಪೆಟಗಿ ವಾಪಸ್ ತಗೋ. ಬಳಸುವಾಕಿಗೆ ಕೊಡೋಣ."

ಇಂದ್ರವ್ವ ತಲೆ ತಗ್ಗಿಸಿದಳು.

ಸಂಜೆ ಮೋಟಾರ್ ಸ್ಟ್ಯಾಂಡಿನಲ್ಲಿ ಇಂದ್ರವ್ವ ಅವಳನ್ನು ಹುಡುಕಿಕೊಂಡು ಬಂದಳು. ಹುಕ್ಕೇರಿಯ ಕಡೆಯ ಹುಡುಗಿ, ಮದುವೆಯಾದ ಮರುವರ್ಷವೇ ಗಂಡನನ್ನು ಕಳೆದುಕೊಂಡು, ಅಪ್ಪನ ಹಠದಿಂದ ನರ್ಸಿಂಗ್ ಕಲಿತು ನೌಕರಿಗೆ ಸೇರಿದವಳು. "ಹೂಂ ಅಂದಿದ್ರ ನಿನ್ನ ಗಂಟೇನ ಹೋಗತಿತ್ತಬೇ ಉದ್ದವ್ವಾ?" ಎಂದಳು. "ಎಲ್ಲಾರಕಿಂತ ಚೊಲೋ ಕಲತಾಕಿ ನೀ. ನಿನ್ನ ಮ್ಯಾಲ ನಾ ಎಷ್ಟ ಭರೋಸಾ ಇಟ್ಟಿದ್ನಿ."

"ಸುಳ್ಳ ಹೇಳಾಕ ಬಾಯಿ ಏಳಲಿಲ್ರಿ ಅಕ್ಕಾರ."

"ಬರೂ ವಾರ ಅಂಕಲಗಿಗೆ ಬರತೇನಿ. ಪೆಟಗಿ ತೆಗೆದಿಡು," ಎಂದು ಹೇಳಿ ಇಂದ್ರವ್ವ ಹೊರಟುಹೋದಳು. ಆ ಮಾತಿನಲ್ಲಿ ಸಿಟ್ಟಿಗಿಂತ ದುಃಖವೇ ಹೆಚ್ಚಿತ್ತು. ಉದ್ದವ್ವನಿಗೆ ಅದೇ ಹೆಚ್ಚು ಚುಚ್ಚಿತು.

ಉದ್ದವ್ವ ಅಂಕಲಗಿಗೆ ಸೊಸೆಯಾಗಿ ಬಂದಾಗ ಅತ್ತೆ ಕಾಡವ್ವನೇ ಊರಿನ ಸೂಲಗಿತ್ತಿ. ಕಾಡವ್ವ ಯಾರಿಗೂ ಹೆದರದ ಮುದುಕಿ. ಸೊಸೆಯನ್ನು ಕರೆದುಕೊಂಡು ಮನೆಮನೆಗೆ ಹೋಗಿ, ಹೊಟ್ಟೆಯ ಮೇಲೆ ಕೈಯಿಟ್ಟು ಕೂಸಿನ ತಲೆ ಎತ್ತ ಇದೆ ಎಂದು ತಿಳಿಯುವುದನ್ನು ಕಲಿಸಿದಳು. ಆದರೆ ಹುರಿ ಕೊಯ್ಯಲು ಮನೆಯವರು ಕೊಟ್ಟ ಕುಡಗೋಲೇ ಆಗಬೇಕು, ಹೊಕ್ಕುಳಿಗೆ ಒಲೆಯ ಬೂದಿಯೇ ಆಗಬೇಕು. ಕಾಡವ್ವ ತೀರಿಕೊಂಡ ಮೇಲೆ ಆ ಕೆಲಸ ಉದ್ದವ್ವನಿಗೆ ಬಂತು.

ಊರಿನ ಕಟ್ಟಳೆ ಮೊದಲಿನಿಂದಲೂ ಒಂದೇ. ಉದ್ದವ್ವನಂಥ ಹೊಲಗೇರಿಯ ಹೆಂಗಸು ಉಳಿದ ದಿನ ಅಂಗಳದಾಚೆ ನಿಲ್ಲಬೇಕು. ಹೆರಿಗೆಯ ಬೇನೆ ಶುರುವಾದಾಗ ಮಾತ್ರ ಹಿತ್ತಲ ಬಾಗಿಲಿನಿಂದ ಒಳಗೆ ಬರಬಹುದು, ಯಾಕೆಂದರೆ ಆ ಕೋಣೆ ಆಗಲೇ ಮೈಲಿಗೆ. ಅವಳು ಹೊರಟ ಕೂಡಲೇ ನೀರು ಚೆಲ್ಲಿ ಸಾರಿಸುವುದು. ಇತ್ತೀಚೆಗೆ ಕೇರಿಯ ಕೆಲವು ಮನೆಗಳು ಬೌದ್ಧ ಧರ್ಮ ಹಿಡಿದಿದ್ದವು. ಉದ್ದವ್ವನ ಗಂಡ ಸತ್ತೆಪ್ಪನೂ ಗೋಡೆಗೆ ಬುದ್ಧನ ಪಟ ಹಾಕಿದ್ದ. ಕೇರಿಯೊಳಗೆ ಜನರು ನೆಟ್ಟಗೆ ನಿಂತು ಮಾತಾಡತೊಡಗಿದ್ದರು. ಕೇರಿ ದಾಟಿದರೆ ಮತ್ತೆ ಅದೇ ಅಂಗಳ, ಅದೇ ಹಿತ್ತಲು. ದುಡಿಮೆ ಮಾತ್ರ ಗೌಡರ, ಸಾವಕಾರರ ಹೊಲದಲ್ಲಿಯೇ.

ತರಬೇತಿ ಮುಗಿಸಿ ಪೆಟಗಿ ಹಿಡಿದು ಬಂದಾಗ ಉದ್ದವ್ವನಿಗೆ ಹೊಸ ಹುರುಪು ಇತ್ತು. ಮೊದಲ ಮನೆಯಲ್ಲಿಯೇ ಅದು ಇಳಿಯಿತು. "ನೀರ ಕುದಿಸ್ರಿ" ಎಂದರೆ, "ಕಟ್ಟಗಿ ನಿಮ್ಮಪ್ಪ ತಂದಾನೇನ?" ಎಂದಳು ಆ ಮನೆಯ ಅತ್ತೆ. ಕತ್ತರಿ ತೆಗೆದರೆ, "ಎಷ್ಟ ಮಂದೀದ ಕೊಯ್ದೀಯೋ ಏನೋ, ಅದನ್ನ ಒಳಗ ಇಡು" ಎಂದು ಕುಡಗೋಲು ಮುಂದೆ ತಳ್ಳಿದಳು. ಆಜ್ಞೆ ಮಾಡುವವಳು ಅತ್ತೆ, ಕೇಳುವವಳು ಉದ್ದವ್ವ. ಹೆರುವವಳನ್ನಂತೂ ಯಾರೂ ಕೇಳುತ್ತಿರಲಿಲ್ಲ. ಕುಡಗೋಲಿನಿಂದ ಹುರಿ ಕೊಯ್ದ ಚಳಿಗಾಲದ ಆ ಕೂಸು ನಂಜೇರಿ ಹೋದ ಮೇಲೆ ಉದ್ದವ್ವ ಸಿಕ್ಕ ಕಡೆಯಲ್ಲೆಲ್ಲ ಹೇಳಿ ನೋಡಿದಳು. "ದೇವರ ಕೊಟ್ಟಿದ್ದು, ದೇವರ ಒಯ್ದ," ಎಂದರು ಜನ.

ಪರೀಕ್ಷೆಯಾದ ನಾಲ್ಕೈದು ದಿನಕ್ಕೆ ಮಾಲಿಂಗಪ್ಪನ ಮನೆಯಿಂದ ಕರೆ ಬಂತು. ಮಾಲಿಂಗಪ್ಪ ಊರಿನ ದೊಡ್ಡ ಒಕ್ಕಲಿಗ. ಸತ್ತೆಪ್ಪ ದುಡಿಯುತ್ತಿದ್ದುದೂ ಅವನ ಹೊಲದಲ್ಲಿಯೇ. ಅವನ ಮಗ ರಾವಸಾಹೇಬನ ಹೆಂಡತಿ ಹನಮವ್ವ ಚೊಚ್ಚಲ ಬಸುರಿ. ಕೊಣ್ಣೂರಿನ ಹುಡುಗಿ. ತವರಿನಲ್ಲಿ ತಾಯಿ ಇಲ್ಲದ್ದರಿಂದ ಹೆರಿಗೆ ಇಲ್ಲಿಯೇ ಎಂದು ಆಗಿತ್ತು.

ಉದ್ದವ್ವ ಹಿತ್ತಲಿನಿಂದ ಒಳಗೆ ಹೋದಾಗ ಹನಮವ್ವ ಗೋಡೆಗೆ ಹಣೆ ಒತ್ತಿ ಕೂತಿದ್ದಳು. ನರಳುವುದು ಕೇಳಿ ಬೇನೆಯೆಂದು ಕರೆಸಿದ್ದರು, ಆದರೆ ಬೇನೆ ಇನ್ನೂ ಶುರುವಾಗಿರಲಿಲ್ಲ. ಮುಖ ಮಾತ್ರ ಗುರುತು ಸಿಗದಷ್ಟು ಬಾತಿತ್ತು. ರೆಪ್ಪೆಗಳು ಉಬ್ಬಿ ಕಣ್ಣುಗಳು ಗೆರೆಯಷ್ಟೇ ಕಾಣುತ್ತಿದ್ದವು. ಹಸಿರು ಬಳೆಗಳು ಮುಂಗೈಯಲ್ಲಿ ಮಾಂಸಕ್ಕೆ ಕಚ್ಚಿ ಹಿಡಿದಿದ್ದವು.

"ತಲಿ ಒಡದ ಹೋಗಾಕತ್ತೈತಿ ಉದ್ದವ್ವಾ," ಎಂದಳು ಹುಡುಗಿ. "ಕಣ್ಣಮುಂದ ಏನೋ ಮಿಂಚಿದಂಗ ಆಗತೈತಿ. ಆಮ್ಯಾಲ ಕತ್ತಲಿ."

ಉದ್ದವ್ವ ಅವಳ ಕಾಲಿನ ಮೇಲೆ ಹೆಬ್ಬೆರಳು ಒತ್ತಿ ತೆಗೆದಳು. ತಗ್ಗು ಹಾಗೆಯೇ ಉಳಿಯಿತು. ಇಂದ್ರವ್ವ ಹೇಳಿಕೊಟ್ಟ ಮಾತು ಒಂದೊಂದಾಗಿ ಎದುರಿಗೆ ಬಂದು ಕೂತಂತಾಯಿತು. ಮುಖ ಬಾವು, ತಲೆನೋವು, ಕಣ್ಣು ಮಬ್ಬು. ಇವು ಮೂರೂ ಕೂಡಿದರೆ ಮುಂದೆ ಬರುವುದು ಫಿಟ್ಸು, ಅದು ಬಂದರೆ ತಾಯಿಯೂ ಇಲ್ಲ, ಕೂಸೂ ಇಲ್ಲ.

"ಯವ್ವಾ," ಎಂದು ಅವಳು ಬಾಗಿಲಲ್ಲಿ ನಿಂತಿದ್ದ ಅತ್ತೆ ಲಗಮವ್ವನ ಕಡೆ ತಿರುಗಿದಳು. "ಇದು ಮನ್ಯಾಗ ಆಗೂ ಹಡಿಗಿ ಅಲ್ರಿ. ಈಗಿಂದೀಗ ಗೋಕಾಕಕ್ಕ ಒಯ್ಯಬೇಕ್ರಿ."

"ಬಾವು ಬಂದ್ರ ಗಂಡಮಗಾ ಅಂತ ಅರ್ಥ. ನನಗೂ ಬಂದಿತ್ತು."

"ಇದು ಬ್ಯಾರೇ ಬಾವು ಐತ್ರಿ ಯವ್ವಾ."

"ನಮ್ಮ ಮನಿ ಸೊಸಿ ದವಾಖಾನ್ಯಾಗ ಕಂಡಕಂಡ ಗಂಡಸರ ಮುಂದ ಹಡಿಯಬೇಕ?" ಲಗಮವ್ವನ ದನಿ ಏರಿತು. "ನಾಕ ದಿನ ಗೋಕಾಕಕ್ಕ ಹೋಗಿ ಬಂದಿ ಅಂತ ಡಾಕ್ಟರ ಆಗೀಯೇನ ನೀ? ಬ್ಯಾನಿ ಬರೂತನಾ ಹಿತ್ತಲದಾಗ ಕುಂಡ್ರು."

ಉದ್ದವ್ವ ಹಿತ್ತಲಿಗೆ ಬಂದಳು. ಬಿಸಿಲು ಏರುತ್ತಿತ್ತು. ಮಾತು ಕೇಳಿ ಸುಮ್ಮನೆ ಕೂತರೆ ಯಾರೂ ಅವಳನ್ನು ದೂರುವುದಿಲ್ಲ. ಪೆಟಗಿಯಂತೂ ಹೋಗಲಿದೆ. ಡಾಕ್ಟರೇ ಬೇಡ ಎಂದ ಮೇಲೆ ಈ ಕಲಿಕೆಯ ಭಾರ ತಾನೊಬ್ಬಳೇ ಯಾಕೆ ಹೊರಬೇಕು? ಇಲ್ಲಿ ಎದುರು ಮಾತಾಡಿದರೆ ನಾಳೆ ಸತ್ತೆಪ್ಪನ ದುಡಿಮೆಯೂ ಹೋಗುತ್ತದೆ. ಒಳಗಿನಿಂದ ಹನಮವ್ವ ವಾಂತಿ ಮಾಡಿಕೊಳ್ಳುವ ಸದ್ದು ಬಂತು. ಉದ್ದವ್ವ ಎದ್ದಳು. ಮನೆಯನ್ನು ಸುತ್ತು ಹಾಕಿ, ಮುಂದಿನ ಅಂಗಳ ದಾಟಿ, ತಲಬಾಗಿಲಿಗೆ ಬಂದು, ಅರಿಸಿನ ಕುಂಕುಮ ಹಚ್ಚಿದ ಹೊಸ್ತಿಲ ಮೇಲೆ ಕೂತುಬಿಟ್ಟಳು.

ಮನೆಯ ಯಜಮಾನಿಯೂ ಕೂರದ ಜಾಗ ಅದು.

ಲಗಮವ್ವ ಪಡಸಾಲೆಗೆ ಬಂದವಳು ಕಂಡು ಕಿರುಚಿದಳು. "ಏಳ! ಏಳ ಅಂತೇನಿ! ಮನಿ ಮೈಲಿಗಿ ಮಾಡಿದೆಲ್ಲ!"

"ಚಕ್ಕಡಿ ಹೂಡ್ರಿ ಯವ್ವಾ. ಏಳತೇನಿ."

ಅಕ್ಕಪಕ್ಕದವರು ಸೇರಿದರು. ಒಬ್ಬಳು ಬೈದಳು, ಒಬ್ಬಳು ಮಣ್ಣಿನ ಹೆಂಟೆ ಎಸೆದಳು. ಅದು ಭುಜಕ್ಕೆ ತಾಗಿ ಪುಡಿಯಾಯಿತು. ಉದ್ದವ್ವ ಬಾಗಿಲಿನ ಚೌಕಟ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಅಷ್ಟು ಜನ ನೆರೆದಿದ್ದರೂ ಅವಳ ತೋಳು ಹಿಡಿದು ಎಳೆಯಲು ಒಬ್ಬರೂ ಮುಂದೆ ಬರಲಿಲ್ಲ. ಮುಟ್ಟಿದರೆ ತಾವೂ ಸ್ನಾನ ಮಾಡಬೇಕಲ್ಲ. ಯಾವ ಕಟ್ಟಳೆ ಅವಳನ್ನು ಜೀವಮಾನವೆಲ್ಲ ಅಂಗಳದಾಚೆ ನಿಲ್ಲಿಸಿತ್ತೋ ಅದೇ ಕಟ್ಟಳೆ ಇವತ್ತು ಅವಳನ್ನು ಹೊಸ್ತಿಲ ಮೇಲೆ ಉಳಿಸಿತು.

ಹೊಲದಿಂದ ಮಾಲಿಂಗಪ್ಪ ಬಂದ. ಕೈಯಲ್ಲಿ ಬಾರಕೋಲು ಹಾಗೆಯೇ ಇತ್ತು. ಹಿಂದೆ ಮಗ ರಾವಸಾಹೇಬ.

"ಏಳತೀಯೋ ಇಲ್ಲೋ?"

"ಹೊಡೀರಿ ಯಪ್ಪಾ. ಹೊಡದ ಮ್ಯಾಲ ಚಕ್ಕಡಿ ಹೂಡ್ರಿ. ಹುಡುಗಿ ಉಳಿಯೂದಿಲ್ಲ."

ಬಾರಕೋಲು ಮೇಲೆದ್ದಿತು. ಉದ್ದವ್ವ ಕಣ್ಣು ಮುಚ್ಚಿದಳು. ಕೋಲು ಕೆಳಗೆ ಬೀಳಲಿಲ್ಲ. ಹೆಂಗಸಿನ ಮೇಲೆ, ಅದೂ ಮನೆಗೆ ಸೂಲಗಿತ್ತಿಯಾಗಿ ಬಂದವಳ ಮೇಲೆ ಕೈಮಾಡಲು ಮಾಲಿಂಗಪ್ಪನಿಗೂ ಒಂದು ಅಂಜಿಕೆ ಇತ್ತು. ರಾವಸಾಹೇಬ ಹುಟ್ಟಿದ್ದು ಇವಳ ಅತ್ತೆ ಕಾಡವ್ವನ ಕೈಯಲ್ಲಿ. "ಸತ್ಯಾನ್ನ ಕರೀರಿ," ಎಂದ ಮಾಲಿಂಗಪ್ಪ. "ಅವನ ಹೇಂತಿನ್ನ ಅವನ ಎಳಕೊಂಡ ಹೋಗಲಿ."

ಸತ್ತೆಪ್ಪ ಓಡುತ್ತ ಬಂದ. ಅಂಗಳದಾಚೆ ನಿಂತು ಹೆಂಡತಿಯನ್ನು ನೋಡಿದ.

"ಉದ್ದವ್ವಾ, ಏಳ," ಎಂದ ಮೆಲ್ಲಗೆ. "ನಮಗ್ಯಾಕ ಬೇಕ ಇದು?"

"ಆ ಹುಡುಗಿ ಮಾರಿ ಒಮ್ಮೆ ನೋಡು. ಆಮ್ಯಾಲೂ ಏಳ ಅಂದ್ರ ಏಳತೇನಿ."

ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿದರು. ಮದುವೆಯಾದಂದಿನಿಂದ ಅವಳು ಅವನ ಮಾತು ಮೀರಿದವಳಲ್ಲ. ಅವನು ಸಾವಕಾರನ ಮಾತು ಮೀರಿದವನಲ್ಲ. ಕಡೆಗೆ ಸತ್ತೆಪ್ಪ ತಲೆಯ ಮೇಲಿನ ರುಮಾಲು ತೆಗೆದು ಮುಖ ಒರೆಸಿಕೊಂಡು, "ಅಕಿ ಏಳೂದಿಲ್ರಿ ಸಾವಕಾರ," ಎಂದ.

ಅಷ್ಟರಲ್ಲಿ ಒಳಗಿನಿಂದ ಗೋಡೆ ಹಿಡಿಯುತ್ತ ಹನಮವ್ವ ಹೊರಗೆ ಬಂದಳು. ಮಾವನ ಎದುರಿಗೆ ಯಾವತ್ತೂ ಬರದ ಸೊಸೆ. ತಲೆಯ ಮೇಲಿನ ಸೆರಗು ಜಾರಿ ಬಿದ್ದಿದ್ದರೂ ಅವಳಿಗೆ ಅದರ ಪರಿವೆ ಇರಲಿಲ್ಲ. ಬೆಳಕಿನ ಕಡೆ ಮುಖ ಮಾಡಿ ಗಂಡನಿಗಾಗಿ ತಡಕಾಡಿದಳು.

"ಎಲ್ಲಿ ಅದೀರಿ?" ಎಂದಳು. "ನಿಮ್ಮ ಮಾರಿ ನನಗ ಕಾಣವಲ್ದು."

ರಾವಸಾಹೇಬ ಅವಳ ಎದುರಿಗೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಿಂತಿದ್ದ. ಅವ್ವನ ಕಡೆ ನೋಡಲಿಲ್ಲ, ಅಪ್ಪನ ಕಡೆಯೂ ನೋಡಲಿಲ್ಲ. ಕೊಟ್ಟಿಗೆಗೆ ಹೋಗಿ ಎತ್ತು ಬಿಚ್ಚಿದ.

ಗೋಕಾಕದ ಸಡಕಿನವರೆಗೆ ಚಕ್ಕಡಿಯಲ್ಲಿ, ಅಲ್ಲಿಂದ ಸರ್ಕಾರಿ ಮೋಟಾರಿನಲ್ಲಿ. ಸಂತೆಗೆ ಹೊರಟ ಜನ ತುಂಬಿದ್ದರೂ ಹಿಂದಿನ ಸೀಟು ಬಿಟ್ಟುಕೊಟ್ಟರು. ಉದ್ದವ್ವ ಹನಮವ್ವನ ತಲೆ ತೊಡೆಯ ಮೇಲೆ ಇಟ್ಟುಕೊಂಡಳು. ಆಗ ಯಾರಿಗೂ ಮುಟ್ಟು ಮೈಲಿಗೆಯ ನೆನಪಾಗಲಿಲ್ಲ. ಅರ್ಧ ದಾರಿಯಲ್ಲಿ ಹುಡುಗಿಯ ಬಾಯಿಯ ಒಂದು ಮೂಲೆ ಸೆಳೆಯತೊಡಗಿತು. ನೋಡನೋಡುತ್ತ ಇಡೀ ಮೈ ಸೆಟೆದು, ಕೈಕಾಲು ಬಡಿಯಿತು. ಹಲ್ಲಿನ ಸಂದಿಯಿಂದ ನೊರೆ ಬಂತು.

"ದೆವ್ವ ಬಡದೈತಿ! ಮೋಟಾರ ನಿಂದರಸ್ರಿ!" ಎಂದು ಒಬ್ಬ ಕೂಗಿದ. ಇನ್ನೊಬ್ಬ ಮೂಗಿಗೆ ಹಿಡಿಯಲು ಕಾಲಿನ ಚಪ್ಪಲಿ ಬಿಚ್ಚಿದ. ಒಬ್ಬ ಮುದುಕಿ ಬಾಯಿಗೆ ನೀರು ಬಿಡಲು ಚರಿಗೆ ತಂದಳು.

"ದೂರ ಸರೀರಿ!" ಎಂದು ಉದ್ದವ್ವ ಗದರಿದಳು. ಜೀವನದಲ್ಲಿ ಮೇಲಿನ ಜಾತಿಯ ಗಂಡಸರ ಮೇಲೆ ಅವಳು ದನಿ ಏರಿಸಿದ್ದು ಅದೇ ಮೊದಲು. "ನೀರ ಹಾಕಬ್ಯಾಡ್ರಿ, ಉಸರ ಕಟ್ಟಿ ಸಾಯತಾಳ!" ಹುಡುಗಿಯನ್ನು ಎಡಮಗ್ಗುಲಿಗೆ ಹೊರಳಿಸಿ, ನೊರೆ ಹೊರಗೆ ಹೋಗುವಂತೆ ಗಲ್ಲ ಕೆಳಮುಖ ಮಾಡಿ ಹಿಡಿದಳು. "ಡ್ರಾಯವರಣ್ಣಾ, ನಿಂದರಸಬ್ಯಾಡ. ದವಾಖಾನಿಗೇ ನಡಿ."

ಡ್ರೈವರ್ ಹಿಂದಕ್ಕೆ ಒಮ್ಮೆ ನೋಡಿದ. ಮೋಟಾರು ಸ್ಟ್ಯಾಂಡಿಗೆ ಹೋಗಲಿಲ್ಲ. ದವಾಖಾನೆಯ ಬಾಗಿಲಿಗೇ ಹೋಗಿ ನಿಂತಿತು.

ಸಂಜೆ ಹೊತ್ತಿಗೆ ಕೂಸು ಹುಟ್ಟಿತು. ಗಂಡು. ಉಸಿರಿರಲಿಲ್ಲ. ಹನಮವ್ವ ಮರುದಿನ ಕಣ್ಣು ತೆರೆದು ಗಂಡನ ಮುಖ ನೋಡಿ, "ಕಾಣಾಕತ್ತೀರಿ," ಎಂದಳು. ಆಮೇಲೆ ಬರಿದಾದ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಗೋಡೆಯ ಕಡೆ ತಿರುಗಿದಳು.

ಊರಿನಲ್ಲಿ ಲಗಮವ್ವನ ಮಾತು ಮನೆಮನೆಗೆ ಹಬ್ಬಿತು. "ಗಂಡ ಕೂಸು. ಮನ್ಯಾಗ ಹಡದಿದ್ರ ಉಳೀತಿತ್ತು. ಚಕ್ಕಡ್ಯಾಗ, ಮೋಟಾರದಾಗ ಕುಲುಕಿ ಕುಲುಕಿ ಕೊಂದಳು." ಸತ್ತೆಪ್ಪನನ್ನು ಹೊಲದ ಕೆಲಸದಿಂದ ಬಿಡಿಸಿದರು. ಅವನು ಕೆಲಸ ಹುಡುಕಿಕೊಂಡು ಕೊಣ್ಣೂರಿನ ಕಡೆ ಹೋದ. ಬೇನೆ ಶುರುವಾದ ಮನೆಗಳು ಉದ್ದವ್ವನನ್ನು ಬಿಟ್ಟು ಬೇರೆ ಊರಿನಿಂದ ಮುದುಕಿಯರನ್ನು ಕರೆಸಿಕೊಂಡವು.

ಉದ್ದವ್ವನನ್ನು ಹೆಚ್ಚು ಕಾಡಿದ್ದು ಊರಿನ ಮಾತಲ್ಲ. ತಾನು ಹೊಸ್ತಿಲ ಮೇಲೆ ಕೂತದ್ದು ಹುಡುಗಿಗಾಗಿಯೋ, ಅಥವಾ ಪಡಸಾಲೆಯಲ್ಲಿ ಎಲ್ಲರ ಮುಂದೆ ಆದ ಅವಮಾನ ತೊಳೆದುಕೊಳ್ಳಲಿಕ್ಕೋ? ಅಷ್ಟು ಹಟ ಮಾಡದೆ ಬಾಯಿ ಮಾತಿನಲ್ಲಿಯೇ ಒಪ್ಪಿಸಿದ್ದರೆ ಇನ್ನೂ ಬೇಗ ಹೊರಡಬಹುದಿತ್ತೇನೋ, ಕೂಸೂ ಉಳಿಯುತ್ತಿತ್ತೇನೋ. ರೊಟ್ಟಿ ಬಡಿಯುತ್ತ ಕೂತಾಗ ಈ ಯೋಚನೆ ಬಂದರೆ ಕೈ ನಿಂತುಬಿಡುತ್ತಿತ್ತು. ಹಂಚಿನ ಮೇಲಿನ ರೊಟ್ಟಿ ಹೊತ್ತುತ್ತಿತ್ತು.

ಇಂದ್ರವ್ವ ಹೇಳಿದ ವಾರಕ್ಕೆ ಬರಲಿಲ್ಲ. ತಡವಾಗಿ ಬಂದಳು. ಜೊತೆಗೆ ಲೇಡಿ ಡಾಕ್ಟರೂ ಇದ್ದರು. ಕೇರಿಯವರೆಗೆ ನಡೆದು ಬಂದ ಅವರ ಕಾಲಿನ ಚಪ್ಪಲಿ ಧೂಳಾಗಿತ್ತು. ಉದ್ದವ್ವ ಪೆಟಗಿ ತಂದು ಮುಂದೆ ಇಟ್ಟಳು.

"ಆಮ್ಯಾಲ ಅದು," ಎಂದರು ಡಾಕ್ಟರು. "ಪರೀಕ್ಷಾ ಮುಗಿಸಿ ನಾ ಇನ್ನೂ ಗೋಕಾಕದಾಗೇ ಇದ್ದೆ. ಹನಮವ್ವ ಅನ್ನೋ ಹುಡುಗೀನ್ನ ಅವತ್ತು ನಾನೇ ನೋಡೇನಿ. ಯಾರು ತಂದ್ರು ಅಂತ ಇಂದ್ರವ್ವ ಹೇಳಿದ್ಲು. ಸೂಲಗಿತ್ತಿಯರನ್ನ ಕೂಡಿಸಿಕೊಂಡು ಪ್ರಶ್ನೆ ಕೇಳಿದ್ರ ಏನೂ ತಿಳಿಯೋದಿಲ್ಲ ಅನ್ನಿಸ್ತು. ಹಡದವರನ್ನ ಕೇಳಬೇಕಾಗೇದ. ನಿಮ್ಮೂರ ಮನಿ ತೋರಸು ನಡಿ."

ಆ ದಿನ ಅವರು ಮನೆಮನೆಗೆ ಹೋದರು. ಉದ್ದವ್ವ ಅಂಗಳದಾಚೆ ನಿಂತಳು. ಡಾಕ್ಟರು ಒಳಗೆ ಹೋಗಿ ಬಾಣಂತಿಯರ ಹತ್ತಿರ ಕೂತು, ಹುರಿ ಯಾವುದರಿಂದ ಕೊಯ್ದರು, ಏನು ಹಚ್ಚಿದರು, ಯಾರು ಹೇಳಿದ್ದಕ್ಕೆ ಹಚ್ಚಿದರು ಎಂದು ಕೇಳಿದರು. ಎಲ್ಲ ಕಡೆ ಬಂದ ಉತ್ತರ ಒಂದೇ: ನಮ್ಮತ್ತಿ. ಅತ್ತೆಯಂದಿರು ಬಾಗಿಲಲ್ಲಿ ನಿಂತು ಸೊಸೆಯ ಬಾಯಿ ನೋಡುತ್ತಿದ್ದರು.

ಕಡೆಗೆ ಮಾಲಿಂಗಪ್ಪನ ಮನೆ. ಲಗಮವ್ವ ಚಾಪೆ ಹಾಸಿದಳು, ಮುಖ ಮಾತ್ರ ಗಂಟು. ಹನಮವ್ವ ಕಂಬದ ಹಿಂದೆ ನಿಂತಿದ್ದಳು. ಬಾವು ಇಳಿದ ಮುಖ ಈಗ ಸಣ್ಣ ಹುಡುಗಿಯ ಮುಖದಂತೆ ಕಾಣುತ್ತಿತ್ತು.

"ಏನ ಕೇಳಾಕ ಬಂದೀರ್ರಿ?" ಎಂದಳು ಲಗಮವ್ವ. "ಕೂಸ ಹೋತು. ಆ ಹೆಂಗಸ ಹೊಸ್ತಲಾ ಮೆಟ್ಟಿದ್ದಕ್ಕ ಹೋತು."

"ಕೂಸು ಹೊಟ್ಟಿಯೊಳಗ ಮೊದಲೇ ಸೋತಿತ್ತು," ಎಂದರು ಡಾಕ್ಟರು. "ಮನಿಯೊಳಗ ಇಟ್ಟುಕೊಂಡಿದ್ರ ಸೊಸಿನೂ ಹೋಗತಿದ್ಲು. ಅವತ್ತು ಇನ್ನೊಂದು ತಾಸು ತಡಾ ಆಗಿದ್ರ ನಾನೂ ಏನೂ ಮಾಡಲಿಕ್ಕೆ ಆಗತಿರಲಿಲ್ಲ."

ಲಗಮವ್ವ ಏನೋ ಹೇಳಲು ಹೋದಳು. ಕಂಬದ ಹಿಂದಿನಿಂದ ಹನಮವ್ವನ ದನಿ ಬಂತು. "ಖರೆ ಐತ್ರಿ ಅತ್ತೀ. ನನಗ ಅವತ್ತ ಏನೂ ಕಾಣತಿರಲಿಲ್ಲ. ಎಲ್ಲಾರೂ ಉದ್ದವ್ವಗ ಬೈಯೂದ ಮಾತ್ರ ಕೇಳತಿತ್ತು. ಅಕಿ ಏಳೂದಿಲ್ಲ ಅಂದದ್ದೂ ಕೇಳತಿತ್ತು. ಏಳಬಾರದು ಅಂತ ನಾ ಒಳಗ ದೇವರಿಗೆ ಬೇಡಕೊಳ್ಳಾಕತ್ತಿದ್ದೆ."

ಲಗಮವ್ವ ಸೊಸೆಯನ್ನು ನೋಡಿದಳು, ನೆಲ ನೋಡಿದಳು. ಆಮೇಲೆ ತಟ್ಟನೆ ಡಾಕ್ಟರ ಮೇಲೆ ತಿರುಗಿಬಿದ್ದಳು.

"ನನಗ ಯಾರ ಹೇಳ್ಯಾರ್ರಿ ಇದನ್ನ? ನಮ್ಮತ್ತಿ ಹೇಳಿದ್ದನ್ನ ನಾ ಹೇಳೇನಿ. ಬಾವು ಬಂದ್ರ ಸಾಯತಾರ ಅಂತ ನಿಮಗ ಗೊತ್ತಿತ್ತು, ಉದ್ದವ್ವಗ ಹೇಳಿದ್ರಿ. ಅಕಿ ಮಾತ ನಾ ಯಾಕ ಕೇಳಲಿ? ಮನಿ ನಂದು, ಸೊಸಿ ನನ್ನಾಕಿ. ನನಗ ಹೇಳಬೇಕಿತ್ತಿಲ್ಲೋ?" ಹೇಳುತ್ತ ಹೇಳುತ್ತ ಅವಳು ಸೆರಗಿನ ತುದಿ ಕಣ್ಣಿಗೆ ಒತ್ತಿಕೊಂಡಳು. "ನನ್ನ ಮೊಮ್ಮಗಾ ಅದು. ನಾ ಏನ ಬೇಕಂತ ಮಾಡೇನೇನ್ರಿ?"

ಡಾಕ್ಟರು ಚಾಪೆಯ ಮೇಲೆ ಅವಳ ಕಡೆ ಸರಿದು ಕೂತರು. "ಹೇಳಿದ್ರ ಕೇಳಲಿಕ್ಕೆ ಬರತೀರೇನು?" ಎಂದರು.

"ಗೋಕಾಕಕ್ಕ ಯಾರ ಬರತಾರ್ರಿ, ರೊಟ್ಟಿ ಯಾರ ಬಡೀಬೇಕ? ಊರಾಗ ಹೇಳ್ರಿ. ಬರತೇವಿ."

ಹೊರಗೆ ಬಂದ ಮೇಲೆ ಡಾಕ್ಟರು ಉದ್ದವ್ವನ ಹತ್ತಿರ ನಿಂತರು. ಪರೀಕ್ಷೆಯ ದಿನದ ಮಾತಿನ ಬಗ್ಗೆ ಏನೂ ಹೇಳಲಿಲ್ಲ. "ಪೆಟಗಿ ನಿನ್ನ ಕಡೇನೇ ಇರಲಿ," ಎಂದರು. "ಕತ್ತರಿಗೆ ತುಕ್ಕು ಹತ್ತಲಿಕ್ಕೆ ಶುರು ಆಗೇದ. ಎಣ್ಣಿ ಹಚ್ಚು." ಇಂದ್ರವ್ವ ಮಾತ್ರ ಹಿಂದೆ ಉಳಿದು ಉದ್ದವ್ವನ ಮುಂಗೈ ಗಟ್ಟಿಯಾಗಿ ಒತ್ತಿ ಹೋದಳು.

ಮಳೆಗಾಲ ಕಳೆದ ಮೇಲೆ ಇಂದ್ರವ್ವ ಅಂಕಲಗಿಯಲ್ಲಿ ಅತ್ತೆಯಂದಿರನ್ನು ಕೂಡಿಸತೊಡಗಿದಳು. ಎಲ್ಲ ಕೇರಿಯವರೂ ಬರುವ ಹಾಗೆ ಶಾಲೆಯ ಕಟ್ಟೆಯ ಮೇಲೆ. ಮೊದಲ ಸಲ ಬಂದವರು ಬೆರಳೆಣಿಕೆಯಷ್ಟು. ಅರ್ಧದಲ್ಲಿಯೇ ಇಬ್ಬರು ಜಗಳವಾಡಿ ಎದ್ದು ಹೋದರು. ಲಗಮವ್ವ ಬಂದಳು, ಎಲ್ಲರಿಗಿಂತ ಹಿಂದೆ ಕೂತಳು, ಮುಗಿಯುವವರೆಗೆ ಇದ್ದು ಹೋದಳು. ಮುಂದಿನ ಸಲವೂ ಬಂದಳು. ಮೂಡಲಗಿಯಲ್ಲಿಯೂ ಹೀಗೆಯೇ ಕೂಡಿಸುತ್ತಾರಂತೆ, ಹುಕ್ಕೇರಿಯಲ್ಲಿಯೂ ಶುರುವಾಗಿದೆಯಂತೆ ಎಂಬ ಸುದ್ದಿ ಬಂತು. ಗೊಂಬೆಯ ಮೇಲೆ ಮಾಡಿ ತೋರಿಸಲು ಇಂದ್ರವ್ವ ಉದ್ದವ್ವನನ್ನು ಕರೆಯುತ್ತಿದ್ದಳು. ಉದ್ದವ್ವ ಮೊದಮೊದಲು ಕಟ್ಟೆಯ ಕೆಳಗೇ ನಿಂತು ತೋರಿಸುತ್ತಿದ್ದಳು. ಹಿಂದೆ ಕೂತವರಿಗೆ ಕಾಣುವುದಿಲ್ಲ ಎಂದು ಯಾರೋ ಗೊಣಗಿದ ಮೇಲೆ ಕಟ್ಟೆ ಏರಿದಳು. ಯಾರೂ ಇಳಿ ಎನ್ನಲಿಲ್ಲ.

ಹನಮವ್ವ ಮತ್ತೆ ಬಸುರಿಯಾಗಲು ಎರಡು ವರ್ಷ ಹಿಡಿಯಿತು. ಈ ಸಲ ಅವಳು ತಿಂಗಳು ತಿಂಗಳು ಗೋಕಾಕಕ್ಕೆ ಹೋಗಿ ತೋರಿಸಿಕೊಂಡು ಬಂದಳು. ಕರೆದುಕೊಂಡು ಹೋಗುತ್ತಿದ್ದವನು ರಾವಸಾಹೇಬ. ಬಾವು ಬರಲಿಲ್ಲ. ಮನೆಯಲ್ಲಿಯೇ ಹೆರಬಹುದು ಎಂದು ದವಾಖಾನೆಯವರು ಹೇಳಿದರು. ಬೇನೆ ಶುರುವಾದ ದಿನ ಉದ್ದವ್ವನಿಗೆ ಮತ್ತೆ ಕರೆ ಹೋಯಿತು. ಅವಳು ಹಿತ್ತಲಿನಿಂದ ಬಂದಾಗ ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಲಗಮವ್ವ ಕೈ ಚಾಚಿದಳು, ಕತ್ತರಿ ಇಸಿದುಕೊಂಡು ತಾನೇ ನೀರಿಗೆ ಹಾಕಿದಳು. ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು, ಹುಟ್ಟಿದ ಕೂಡಲೇ ಬೀದಿಗೆ ಕೇಳುವ ಹಾಗೆ ಅತ್ತಿತು. ಹನಮವ್ವ ನಕ್ಕಳು. ಉದ್ದವ್ವ ಕೈ ತೊಳೆದುಕೊಂಡು ಹೊರಗೆ ಬಂದು ಹಿತ್ತಲ ಕಲ್ಲಿನ ಮೇಲೆ ಕೂತು, ಅಂದಿನಿಂದ ತಡೆದಿಟ್ಟಿದ್ದ ಅಳುವನ್ನು ಅತ್ತು ಮುಗಿಸಿದಳು. ಅವಳು ಹೊರಟ ಮೇಲೆ ಲಗಮವ್ವ ಎಂದಿನಂತೆ ನೀರು ಚೆಲ್ಲಿ ಸಾರಿಸಿದಳು. ಅದು ಬದಲಾಗಲಿಲ್ಲ. ಸತ್ತೆಪ್ಪನನ್ನು ಹೊಲಕ್ಕೆ ಬಾ ಎಂದು ಮಾಲಿಂಗಪ್ಪ ಹೇಳಿ ಕಳಿಸಿದ. ಸತ್ತೆಪ್ಪ ಹೋಗಲಿಲ್ಲ, ಕೊಣ್ಣೂರಿನ ಕೆಲಸವೇ ಚೊಲೋ ಎಂದ.

ಆ ನಂತರದ ಒಂದು ಬೆಳಿಗ್ಗೆ ಉದ್ದವ್ವ ಬಾವಿಯ ಹಾದಿಯಲ್ಲಿ ಹೋಗುತ್ತಿದ್ದಾಗ ಅಲ್ಲಿ ಜಗಳ ಎದ್ದಿತ್ತು. ನೀರು ಸೇದಲು ಬಂದ ಒಬ್ಬ ಮುದುಕಿ, ತನ್ನ ಸೊಸೆಗೆ ಕುಡಗೋಲೇ ಸಾಕು, ಕತ್ತರಿ ಗಿತ್ತರಿ ತನ್ನ ಮನೆಗೆ ಬೇಡ ಎಂದಿದ್ದಳು. ಲಗಮವ್ವ ಕೊಡ ಕೆಳಗಿಟ್ಟು, ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದಳು.

"ಏನ ಗೊತ್ತೈತಿ ನಿನಗ?" ಎಂದು ಕೂಗುತ್ತಿದ್ದಳು. "ಮೊಮ್ಮಗನ್ನ ಮಣ್ಣಿಗಿಟ್ಟಾಕಿ ನಾನ ಹೇಳಾಕತ್ತೇನಿ, ಕೇಳ! ನೀರ ಕುದಸು ಮೊದಲ, ಆಮ್ಯಾಲ ಬಾಯಿ ಮಾಡು!"

ಮುದುಕಿ ತಿರುಗಿ ಬೈದಳು. ಲಗಮವ್ವ ಅದಕ್ಕಿಂತ ದೊಡ್ಡ ದನಿ ತೆಗೆದಳು. ಉದ್ದವ್ವನಿಗೆ ನಿಂತು ಕೇಳಲು ಹೊತ್ತಿರಲಿಲ್ಲ. ಊರಾಚೆಯ ತೋಟದ ಮನೆಯಲ್ಲಿ ಬೇನೆ ಶುರುವಾಗಿತ್ತು, ಕರೆಯಲು ಬಂದವನು ಮುಂದೆ ಮುಂದೆ ಓಡುತ್ತಿದ್ದ. ಅವಳು ಪೆಟಗಿಯನ್ನು ಕಂಕುಳಿಗೆ ಏರಿಸಿಕೊಂಡು ಹೆಜ್ಜೆ ಚುರುಕು ಮಾಡಿದಳು.